ಇನ್ನೊಬ್ಬರ ಬಂಡಲ್

ಬಿ.ಇಡಿ. ಸೇರಿದ ಮೊದಲ ವಾರವೇ ನನಗೊಂದು ಹೊಸ ಹೆಸರು ಬಿತ್ತು: ಆಂಟಿ. ಇಟ್ಟವಳು ಅರಕಲಗೂಡಿನ ಕಡೆಯ ಹುಡುಗಿ. ಡಿಗ್ರಿ ಮುಗಿಸಿ ನೇರ ಕಾಲೇಜಿಗೆ ಬಂದವಳು. ಬಾಯಿ ಜೋರು, ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ದಾಟಿದ್ದೆ, ನಿಜ. ಮದುವೆಯಾಗಿರಲಿಲ್ಲ, ಅದೂ ನಿಜ. "ಅಕ್ಕ ಅಂದ್ರೆ ನಿನ್ ಗಂಟೇನ್ ಓಯ್ತದೆ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಅಯ್ಯೋ, ಮರ್ವಾದೆ ಕೊಟ್ಟೆ ಕಣಾಂಟಿ," ಎಂದಳು.

ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಇಡೀ ತರಗತಿಗೆ ನಾನು ಆಂಟಿಯೇ. ಮರ್ಯಾದೆ ಕೊಟ್ಟು ದೂರ ಕೂರಿಸುವುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಮಧ್ಯಾಹ್ನ ಹುಡುಗಿಯರು ಗುಂಪು ಕಟ್ಟಿಕೊಂಡು ಡಬ್ಬಿ ಬಿಚ್ಚುತ್ತಿದ್ದರು. ನಾನು ಹತ್ತಿರ ಹೋದರೆ ಎಲ್ಲರೂ ಸರಿದು ಜಾಗ ಬಿಡುತ್ತಿದ್ದರು, ಅದುವರೆಗೆ ನಡೆಯುತ್ತಿದ್ದ ಮಾತನ್ನೂ ಬಿಡುತ್ತಿದ್ದರು. ಸ್ವಲ್ಪ ದಿನಕ್ಕೆ ನಾನೇ ಹಿಂದುಗಡೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಊಟ ಮಾಡುವುದನ್ನು ರೂಢಿ ಮಾಡಿಕೊಂಡೆ.

ಅದಕ್ಕೆ ಮೊದಲು ನಾನು ಹಾಸನದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಟೇಲರ್ ಆಗಿದ್ದೆ. ನಮ್ಮೂರು ಹಳ್ಳಿಮೈಸೂರಿನ ಕಡೆ. ಹಾಸನದಲ್ಲಿ ಒಂದು ಮನೆಯ ಮಹಡಿಯ ಮೇಲೆ ಒಂಟಿ ರೂಮು ಹಿಡಿದು, ಹೊಲಿಯುತ್ತಲೇ ದೂರಶಿಕ್ಷಣದಲ್ಲಿ ಬಿ.ಎ. ಮಾಡಿದೆ. ಟೀಚರ್ ಆಗಬೇಕೆಂಬ ಹಟ ಚಿಕ್ಕಂದಿನಿಂದ ಇತ್ತು. "ಮಿಷನ್ ತುಳ್ಕಂಡಿರಾಕೇನಾಗಿತ್ತು ನಿಂಗೆ?" ಎಂದು ಅವ್ವ ಗೊಣಗಿದಳು. ಗೊಣಗುತ್ತಲೇ ಊರಿಂದ ರಾಗಿ ಹಿಟ್ಟು, ಹುರುಳಿಕಾಳು ಕಳಿಸಿದಳು.

ಫ್ಯಾಕ್ಟರಿಯ ಕೆಲಸದ ರೀತಿಯನ್ನು ಇಲ್ಲಿ ಹೇಳಲೇಬೇಕು, ಮುಂದೆ ಆದದ್ದೆಲ್ಲ ಅದರಿಂದಲೇ. ಅಲ್ಲಿ ಒಂದು ಅಂಗಿಯನ್ನು ಯಾರೂ ಇಡಿಯಾಗಿ ಹೊಲಿಯುವುದಿಲ್ಲ. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಜೇಬು. ನಾನು ಕಫ್, ಅಂದರೆ ತೋಳಿನ ತುದಿಯ ಪಟ್ಟಿ. ಕತ್ತರಿಸಿದ ಬಟ್ಟೆ ಕಟ್ಟುಕಟ್ಟಾಗಿ ಮಿಷನ್ನಿನ ಪಕ್ಕಕ್ಕೆ ಬಂದು ಬೀಳುತ್ತದೆ, ಅದಕ್ಕೆ ಬಂಡಲ್ ಎನ್ನುತ್ತೇವೆ. ಅವರವರ ಬಂಡಲ್ ಅವರವರಿಗೆ. ಸೇರಿದ ಹೊಸದರಲ್ಲಿ ನನ್ನ ಮುಂದೆ ಕೂರುತ್ತಿದ್ದವಳ ಬಂಡಲ್ಲಿನಲ್ಲಿ ಒಂದು ತೋಳಿನ ಹೊಲಿಗೆ ಬಿಟ್ಟುಕೊಂಡಿತ್ತು. ಪಾಪ, ಬೈಗುಳ ತಿಂತಾಳಲ್ಲ ಎಂದು ನಾನೇ ಎಳೆದು ಒಂದು ಹೊಲಿಗೆ ಹಾಕಿದೆ. ಸೂಪರ್‌ವೈಸರ್ ಎಲ್ಲಿದ್ದನೋ, ಬಂದೇಬಿಟ್ಟ. "ನಿನ್ ಬಂಡಲ್ ನೀನ್ ನೋಡ್ಕಳಮ್ಮಿ, ಇನ್ನೊಬ್ಳುದ್ಕ್ಯಾಕ್ ಕೈ ಆಕ್ತೀಯ? ನಾಳೆ ರಿಜೆಕ್ಟ್ ಆದ್ರೆ ಯಾರ್ ತಲೆಗ್ ಕಟ್ಲಿ?" ಅವನು ಬೈದದ್ದು ಹಾಗಿರಲಿ, ಆ ಹೆಂಗಸೇ ತಿರುಗಿ ನೋಡಿ, "ನನ್ ಕೆಲ್ಸ ನಂಗ್ ಬರಕಿಲ್ವಾ?" ಎಂದಳು. ಎಷ್ಟೋ ದಿನ ಮಾತು ಬಿಟ್ಟಳು. ಅವತ್ತೇ ಬುದ್ಧಿ ಬಂತು. ಇನ್ನೊಬ್ಬರ ಬಂಡಲ್ಲಿಗೆ ಕೈ ಹಾಕುವುದೂ ಒಂದೇ, ಹುತ್ತಕ್ಕೆ ಕೈ ಹಾಕುವುದೂ ಒಂದೇ.

ಎರಡನೇ ವರ್ಷದಲ್ಲಿ ಕಾಲೇಜಿಗೆ ಒಂದು ಹೊಸ ಕಾರ್ಯಕ್ರಮ ಬಂತು. ಬೇರೆ ದೇಶದಲ್ಲಿ ನಮ್ಮ ಹಾಗೆಯೇ ಟೀಚರ್ ಆಗಲು ಓದುತ್ತಿರುವವರ ಜೊತೆ ಸೇರಿ ಆನ್‌ಲೈನ್‌ನಲ್ಲಿ ಒಂದು ಪಾಠ ಸಿದ್ಧಮಾಡಬೇಕು, ಅದನ್ನು ಅವರು ಅವರ ಊರಿನ ಶಾಲೆಯಲ್ಲಿ, ನಾವು ನಮ್ಮ ಊರಿನ ಶಾಲೆಯಲ್ಲಿ ಮಾಡಿ ವಿಡಿಯೊ ಕಳಿಸಬೇಕು. ನಮಗೆ ಸಿಕ್ಕಿದವರು ಪೋರ್ಚುಗಲ್ ದೇಶದವರು. ಅವರು ಕಡಿಮೆ, ನಾವು ಜಾಸ್ತಿ. ಹಾಗಾಗಿ ನಮ್ಮವರು ಇಬ್ಬಿಬ್ಬರಿಗೆ ಅವರೊಬ್ಬರು. ಹುಡುಗಿಯರು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಜೋಡಿ ಕಟ್ಟಿಕೊಂಡರು. ಕೊನೆಗೆ ಉಳಿದವಳು ನಾನೊಬ್ಬಳು. ಹೀಗೆ ಯಾರಿಗೂ ಬೇಡವಾದದ್ದರಿಂದಲೇ ನನಗೆ ಇಡೀ ಒಬ್ಬ ಜೊತೆಗಾತಿ ಸಿಕ್ಕಳು.

"ಆಂಟಿಗ್ ಮಾತ್ರ ಸಿಂಗಲ್ ಪೀಸ್ ಫಾರಿನ್ನು, ಬುಡಿ," ಎಂದಳು ಅರಕಲಗೂಡಿನವಳು. ನಾನು ಮೂತಿ ತಿರುಗಿಸಿದೆ. ಒಳಗೊಳಗೆ ಖುಷಿಯಾಗಿತ್ತು.

ಮೊದಲ ದಿನ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಒಂದೊಂದು ಪರದೆಯ ಮುಂದೆ ಕೂತಿದ್ದೆವು. ಅಲ್ಲಿಯ ಪ್ರೊಫೆಸರಮ್ಮನ ಮುಖ ಕಾಣಿಸಿದ್ದೇ ತಡ, ನಾವೆಲ್ಲ ಧಡಾರನೆ ಎದ್ದು ನಿಂತು, "ನಮಸ್ತೇ ಮೇಡಮ್" ಎಂದು ರಾಗ ಎಳೆದೆವು. ಗುರುಗಳು ಬಂದರೆ ಕೂತಿರುವುದುಂಟೆ? ಆದರೆ ಕ್ಯಾಮೆರಾ ಏಳಲಿಲ್ಲ. ಆ ಕಡೆಯವರಿಗೆ ಕಂಡದ್ದು ಸಾಲಾಗಿ ಸೀರೆಯ ನೆರಿಗೆ, ಚೂಡಿದಾರದ ವೇಲು, ಒಂದೆರಡು ಬೆಲ್ಟು. ಮುಖವೊಂದೂ ಇಲ್ಲ. ಅವರೆಲ್ಲ ಗಾಬರಿಯಿಂದ ನೋಡುತ್ತಿದ್ದಾಗ ಒಬ್ಬಳು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು. ಗುಂಗುರು ಕೂದಲು, ಕನ್ನಡಕ, ಮೂಗಿನ ಮೇಲೆ ಕಂದು ಚುಕ್ಕೆಗಳು. ಅವಳೇ ನನ್ನ ಜೊತೆಗಾತಿ ಎಂದು ಆಮೇಲೆ ತಿಳಿಯಿತು.

ನನಗಿಂತ ಚಿಕ್ಕವಳು. ಆದರೆ ಅವರಲ್ಲಿ ಅಕ್ಕ, ಆಂಟಿ ಏನೂ ಇಲ್ಲವಂತೆ, ಹೆಸರು ಹಿಡಿದೇ ಕರೆಯುವುದು. ನನ್ನ ಹೆಸರನ್ನು ಅವಳು ಎಲ್ಲೋ ಎತ್ತಿ ಎಲ್ಲೋ ಇಳಿಸಿ ಹೇಳುತ್ತಿದ್ದಳು. ಫ್ಯಾಕ್ಟರಿಯಲ್ಲಿ ನಾನು "ಕಫ್ಫಿನೋಳು", ಊರಲ್ಲಿ "ಇಂತವ್ನ ಮಗ್ಳು", ಕಾಲೇಜಿನಲ್ಲಿ ಆಂಟಿ. ಒಬ್ಬರು ಬರೀ ನನ್ನ ಹೆಸರು ಹೇಳಿ, ಉತ್ತರಕ್ಕೆ ಕಾಯುತ್ತಾ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಅವಳ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಹಾಗಾಗಿ ಇಬ್ಬರೂ ಒಂದೇ ನಡಿಗೆಯಲ್ಲಿ ಹೋಗಬಹುದಿತ್ತು. ವಾರಕ್ಕೊಮ್ಮೆ ಮಧ್ಯಾಹ್ನ ಮೂರರ ಹೊತ್ತಿಗೆ, ಅವಳಿಗೆ ಅದು ಬೆಳಗಿನ ಕಾಫಿಯ ಹೊತ್ತು, ಮಾತಾಡುತ್ತಿದ್ದೆವು. ಉಳಿದ ದಿನಗಳನ್ನು ನಾನು ಆ ದಿನಕ್ಕಾಗಿ ಕಳೆಯುತ್ತಿದ್ದೆ. ಹೇಳಲು ನಾಚಿಕೆಯೇನಿಲ್ಲ.

ನಾವು ಆರಿಸಿಕೊಂಡ ಪಾಠ ನೆರಳಿನದು. ಒಂದೇ ಉದ್ದದ ಕೋಲನ್ನು ಅವಳ ಶಾಲೆಯಲ್ಲೂ ನನ್ನ ಶಾಲೆಯಲ್ಲೂ ನೆಟ್ಟು, ಸೂರ್ಯ ನೆತ್ತಿಗೆ ಬಂದಾಗ ಮಕ್ಕಳಿಂದ ನೆರಳು ಅಳೆಸುವುದು. ಎರಡು ಊರಿನ ನೆರಳೂ ಒಂದೇ ಇರುತ್ತದೆಯೇ, ಇಲ್ಲದಿದ್ದರೆ ಯಾಕೆ ಎಂದು ಕೇಳುವುದು. ಯೋಚನೆ ಅವಳದು. ಬರೆಯಲು ಒಂದು ಜಂಟಿ ಹಾಳೆ ಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಅವಳು ಅಲ್ಲಿ ಬರೆದದ್ದು ನನಗೆ ಇಲ್ಲಿ ಕಾಣುತ್ತದೆ, ನಾನು ಬರೆದದ್ದು ಅವಳಿಗೆ. ಯಾರು ಯಾವುದನ್ನು ಬೇಕಾದರೂ ತಿದ್ದಬಹುದು.

ಬೇಕಾದರೂ ತಿದ್ದಬಹುದು ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವಳು ಪಾಠದ ಹೆಜ್ಜೆಗಳನ್ನು ಬರೆದಳು. ನಾನು ಪೀಠಿಕೆ ಬರೆದೆ. ನಮ್ಮಲ್ಲಿ ಪಾಠಯೋಜನೆ ಎಂದರೆ ಪೀಠಿಕೆಯದೇ ಒಂದು ಗತ್ತು: ಮಕ್ಕಳಿಗೆ ಗೊತ್ತಿರುವುದರಿಂದ ಶುರುಮಾಡಿ, ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ, ಕೊನೆಯ ಪ್ರಶ್ನೆಗೆ ಅವರು ತಬ್ಬಿಬ್ಬಾದಾಗ, "ಹಾಗಾದರೆ ಇಂದು ನಾವು ಇದನ್ನು ಕಲಿಯೋಣ" ಎಂದು ಬೋರ್ಡಿನ ಮೇಲೆ ಶೀರ್ಷಿಕೆ ಬರೆಯಬೇಕು. ರಟ್ಟು ಹಾಕಿದ ಪುಸ್ತಕದಲ್ಲಿ ಅಂದವಾಗಿ ಬರೆದು, ನಮ್ಮ ಪಾಠ ನೋಡುವ ಗೈಡ್ ಮೇಷ್ಟ್ರ ಹತ್ತಿರ ಸಹಿ ಹಾಕಿಸಬೇಕು. ಅದಕ್ಕೆ ಗೈಡಿನ ಕೆಂಪು ಪೆನ್ನು ಬಿಟ್ಟರೆ ಇನ್ಯಾರ ಪೆನ್ನೂ ತಾಗಬಾರದು. ಆ ರೀತಿಯಲ್ಲೇ ಡಿಕ್ಷನರಿ ನೋಡಿಕೊಂಡು, ಒಂದು ಭಾನುವಾರವೆಲ್ಲ ಕೂತು, ಇಂಗ್ಲಿಷಿನಲ್ಲಿ ಪೀಠಿಕೆ ಬರೆದೆ.

ಮಾರನೆಯ ದಿನ ನೋಡುತ್ತೇನೆ, ಅದು ಇಲ್ಲ. ಅಳಿಸಿಹಾಕಿದ್ದಾಳೆ. ಇದ್ದ ಜಾಗದಲ್ಲಿ ಒಂದೇ ಒಂದು ಸಾಲು: ಏನೂ ಹೇಳದೆ ಮಕ್ಕಳನ್ನು ಬಿಸಿಲಿಗೆ ಕರೆದುಕೊಂಡು ಹೋಗೋಣವೇ?

ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ, ಕಿವಿಯ ತುದಿ ಬಿಸಿಯಾಗಿತ್ತು. ನನ್ನ ಕೆಲಸ ನನಗೆ ಬರುವುದಿಲ್ಲವೇ? ನಾನು ಅವಳ ಒಂದಕ್ಷರ ಮುಟ್ಟಿದ್ದೆನೇ? ಊಟಕ್ಕೆ ಕೂತವರ ತಟ್ಟೆಗೆ ಕೈ ಹಾಕಿ, ಇದು ಚೆನ್ನಾಗಿಲ್ಲ ಎಂದು ಎತ್ತಿ ಎಸೆದ ಹಾಗಾಯಿತು. ಜಗಳ ಮಾಡಲು ಭಾಷೆ ಸಾಲದು. ಹಾಗಾಗಿ ನನಗೆ ಗೊತ್ತಿದ್ದ ಮರ್ಯಾದೆಯ ದಾರಿ ಹಿಡಿದೆ. ಹಾಳೆಯ ಮಧ್ಯೆ ಅಡ್ಡಗೆರೆ ಎಳೆದು, ಅದರ ಕೆಳಗೆ ಇಡೀ ಪಾಠವನ್ನು ಪೀಠಿಕೆಯಿಂದ ಮನೆಗೆಲಸದವರೆಗೆ ನನ್ನದೇ ಆಗಿ ಬೇರೆ ಬರೆದೆ. ಮೇಲಿನದು ಅವಳ ಬಂಡಲ್, ಕೆಳಗಿನದು ನನ್ನದು. ಅವಳು ಪಕ್ಕದಲ್ಲಿ ಸಣ್ಣ ಸಣ್ಣ ಪ್ರಶ್ನೆ ಬರೆಯುತ್ತಿದ್ದಳು: ಇದು ಸರಿಯಾ? ನಿನಗೇನನ್ನಿಸುತ್ತದೆ? ಅವಳ ಕೆಲಸ ಸರಿಯೋ ತಪ್ಪೋ ಹೇಳಲು ನಾನ್ಯಾರು, ಅವಳ ಗೈಡ್ ಹೇಳುತ್ತಾರೆ ಎಂದು ಉತ್ತರಿಸದೆ ಬಿಟ್ಟೆ. ಮಾತಿಗೆ ಸಿಕ್ಕಾಗ ಎಲ್ಲದಕ್ಕೂ "ಗುಡ್, ವೆರಿ ಗುಡ್" ಎಂದೆ. ಅವಳ ಮುಖ ವಾರದಿಂದ ವಾರಕ್ಕೆ ಸಪ್ಪಗಾಗುತ್ತಿತ್ತು. ಅಲ್ಲಿ ಚಳಿ ಜಾಸ್ತಿ ಇರಬೇಕು ಎಂದುಕೊಂಡೆ.

ಒಂದು ದಿನ ಮೇಡಮ್ಮು ಸ್ಟಾಫ್ ರೂಮಿಗೆ ಕರೆಸಿದರು. ಈ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದವರು ಅವರೇ. ಹಾಸನದವರು, ಕೋಪ ಬಂದಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಅವತ್ತು ಒರೆಸುತ್ತಿದ್ದರು.

"ಏನಮ್ಮಾ ಇದು? ಆ ಹುಡ್ಗಿ ಬೇರೆ ಜೋಡಿ ಕೊಡಿ ಅಂತ ಬರ್ದವ್ಳಂತೆ. ನಿಂಗೆ ಅವಳ ಜೊತೆ ಕೆಲ್ಸ ಮಾಡಾಕೆ ಇಷ್ಟ ಇಲ್ವಂತೆ?"

"ನಾನೇನ್ ಮಾಡ್ದೆ ಮೇಡಮ್? ಅವ್ಳು ಬರ್ದಿರದ್ನ ನಾನು ಬೆರಳಲ್ಲೂ ಮುಟ್ಟಿಲ್ಲ!"

"ಅದೇ ಕಣಮ್ಮಾ ಅವಳ ಕಂಪ್ಲೇಂಟು."

ಮೇಡಮ್ಮು ಕನ್ನಡಕ ಹಾಕಿಕೊಂಡು ನಿಧಾನವಾಗಿ ಹೇಳಿದರು. ನಾನು ಬರೆದದ್ದನ್ನು ಓದಿ, ಅದರ ಮೇಲೆ ಯೋಚಿಸಿ ಅವಳು ಬದಲಾಯಿಸಿದಳಂತೆ. ನಾನೂ ಅವಳದನ್ನು ಹಾಗೆಯೇ ಬದಲಾಯಿಸುತ್ತೇನೆ, ಹೀಗೆ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಕೈಯಾಡಿಸುತ್ತ ಒಂದು ಪಾಠ ಆಗುತ್ತದೆ ಎಂದು ಕಾದಳಂತೆ. ನಾನು ಗೆರೆ ಎಳೆದುಬಿಟ್ಟೆ. ತಾನು ಬರೆದದ್ದನ್ನು ಇವಳು ಓದುವುದೂ ಇಲ್ಲ, ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ಅವಳು ಅಂದುಕೊಂಡಿದ್ದಳು.

"ಬ್ಯಾಡ ಅಂದ್ರೆ ಯೋಳ್ಬುಡು, ಅರಕಲಗೂಡಿನೋಳ ಗುಂಪಿಗೆ ಸೇರುಸ್ತೀನಿ. ಮೂರ್ನೇವ್ಳಾಗಿರು."

ಮೂರನೆಯವಳು. ಅದು ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಜಾಗ ಬಿಡುತ್ತಾರೆ, ಮಾತು ಬಿಡುತ್ತಾರೆ. "ಬ್ಯಾಡಿ ಮೇಡಮ್. ಒಂದ್ ವಾರ ಬುಡಿ," ಎಂದೆ.

ನೀರಿನ ಟ್ಯಾಂಕಿನ ಕಟ್ಟೆಗೆ ಹೋಗಿ ಕೂತು ಅತ್ತೆ. ಬೇಜಾರಿಗೆ ಅಷ್ಟೇ ಅಲ್ಲ. ದೂರದ ದೇಶದಲ್ಲಿ ಒಬ್ಬಳು ನನ್ನ ಕೈಗಾಗಿ ಕಾದಿದ್ದಳು, ನಾನು ಮರ್ಯಾದೆ ಕೊಡುತ್ತಾ ಕೂತಿದ್ದೆ. ಅರಕಲಗೂಡಿನವಳು ನನಗೆ ಕೊಟ್ಟಂಥದ್ದೇ ಮರ್ಯಾದೆ.

ಕಂಪ್ಯೂಟರ್ ಕೋಣೆಗೆ ಹೋಗಿ ಹಾಳೆ ತೆರೆದೆ. ಮೊದಲು ನನ್ನ ಅಡ್ಡಗೆರೆ ಅಳಿಸಿದೆ. ಆಮೇಲೆ ಗೆರೆಯ ಕೆಳಗಿನ ನನ್ನ ಪಾಠವನ್ನೂ. ಆಮೇಲೆ ಅವಳು ಬರೆದದ್ದನ್ನು ಮೊದಲ ಸಲ ನಿಜವಾಗಿ ಓದಿದೆ. "ಕೋಲನ್ನು ನೆಲದಲ್ಲಿ ನೆಡಿ, ನೆರಳನ್ನು ಅಳೆಯಿರಿ" ಎಂದಿತ್ತು. ಕೋಲು ವಾಲಿಕೊಂಡಿದ್ದರೆ? ವಾಲಿದ ಕೋಲಿನ ನೆರಳು ಸುಳ್ಳು ಹೇಳುತ್ತದಲ್ಲ! ನಮ್ಮೂರಲ್ಲಿ ಗೋಡೆ ಕಟ್ಟುವಾಗ ಗಾರೆಯವರು ತೂಗುಗುಂಡು ಬಿಟ್ಟು ನೋಡುವುದು ನೆನಪಾಯಿತು. ಆ ಎರಡು ಮಾತಿನ ಮಧ್ಯೆ ಕರ್ಸರ್ ತಂದಿಟ್ಟೆ. ಸೂಪರ್‌ವೈಸರ್ ಬೆನ್ನ ಹಿಂದೆ ನಿಂತಿದ್ದಾನೆ ಎನ್ನಿಸಿತು, ನಿಜಕ್ಕೂ ಒಮ್ಮೆ ತಿರುಗಿ ನೋಡಿದೆ. ಅವಳ ಸಾಲನ್ನು ಕತ್ತರಿಸಿ ಮಧ್ಯೆ ನನ್ನದನ್ನು ಸೇರಿಸಿದೆ: "ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ನೋಡಿ."

ಸ್ವಲ್ಪ ಹೊತ್ತಿಗೆ ಹಾಳೆಯ ಮೂಲೆಯಲ್ಲಿ ಅವಳ ಗುರುತು ಹತ್ತಿಕೊಂಡಿತು. ಅವಳೂ ಅಲ್ಲಿ ಅದೇ ಹಾಳೆ ತೆರೆದಿದ್ದಾಳೆಂದು ಅರ್ಥ. ಅವಳ ಕರ್ಸರಿನ ಹಸಿರು ಗೀಟು ನನ್ನ ಸಾಲಿನ ಹತ್ತಿರ ಬಂದು ನಿಂತಿತು. ಪಕ್ಕದಲ್ಲಿ ಅವಳು ಬರೆದಳು: "ಕೊನೆಗೂ ಬಂದೆಯಾ!" ಅದರ ಕೆಳಗೆ: "ಕಲ್ಲು ಎಷ್ಟು ದೊಡ್ಡದು?" ಹುಣಸೆಬೀಜಕ್ಕಿಂತ ದೊಡ್ಡದು, ನಿಂಬೆಹಣ್ಣಿಗಿಂತ ಚಿಕ್ಕದು ಎಂದು ಬರೆದೆ. ಹುಣಸೆಬೀಜ ಎಂದರೇನು ಎಂದು ಕೇಳಿದಳು. ಅವತ್ತು ಬಾಗಿಲು ಹಾಕಲು ಜವಾನರು ಬರುವವರೆಗೂ ಬರೆದೆವು. ನಾನು ಬರೆದದ್ದನ್ನು ಅವಳು ಅಳಿಸಿದಳು, ಅವಳದನ್ನು ನಾನು ಅಳಿಸಿದೆ. ಕೊನೆಗೆ ಯಾವ ಸಾಲು ಯಾರದು ಎಂದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಪೀಠಿಕೆ ಮಾತ್ರ ವಾಪಸ್ಸು ಬರಲಿಲ್ಲ. ಅವಳು ಹೇಳಿದ್ದೇ ಸರಿ, ಮಕ್ಕಳಿಗೆ ಬಿಸಿಲಿಗಿಂತ ಬೇರೆ ಪೀಠಿಕೆ ಬೇಕಿಲ್ಲ.

ಶಿವರಾತ್ರಿ ಹತ್ತಿರವಿತ್ತು. ಹೊಳೆನರಸೀಪುರದ ಆಚೆ, ನಮ್ಮೂರಿನ ಬಸ್ಸು ಹಾದುಹೋಗುವ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡಿದೆ. ಮಕ್ಕಳು ಕೋಲು ನೆಟ್ಟರು, ಕಲ್ಲು ಇಳಿಬಿಟ್ಟರು, "ಇನ್ನೊಸಿ ಈ ಕಡಿಕ್ಕೆ ಕಣ್ಲಾ" ಎಂದು ಕೂಗಾಡಿದರು. ನೆರಳು ಕೋಲಿನ ಅರ್ಧವೂ ಬರಲಿಲ್ಲ. ನಂತರ ಅವಳ ಶಾಲೆಯ ಅಳತೆ ಬಂತು. ಅಲ್ಲಿ ಕೋಲಿಗಿಂತ ನೆರಳೇ ಉದ್ದ. ತರಗತಿಯಲ್ಲಿ ಗಲಾಟೆಯೋ ಗಲಾಟೆ.

"ಮಿಸ್, ಅವ್ರು ತಪ್ಪಾಗ್ ಅಳ್ದವ್ರೆ," ಎಂದಳೊಬ್ಬಳು.

"ಇಲ್ಲ ಕಣಮ್ಮಿ," ಎಂದಳು ಪಕ್ಕದವಳು, ತುಂಬ ಯೋಚನೆ ಮಾಡಿ. "ಸೂರ್ಯ ನಮ್ಮೂರ್ನ ನಿಂತ್ಕಂಡ್ ನೋಡ್ತಾನೆ, ಅವ್ರೂರ್ನ ಬಗ್ಗಿ ನೋಡ್ತಾನೆ."

ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಹಾಳೆಯಲ್ಲಿ ಹಾಕಿದೆ. ಅವಳು ಅದರ ಒಂದಕ್ಷರವನ್ನೂ ತಿದ್ದಲಿಲ್ಲ.

ಅವಳ ಪಾಠದ ವಿಡಿಯೊ ಬಂದಾಗ ರೂಮಿನಲ್ಲಿ ಕೂತು ಒಬ್ಬಳೇ ನೋಡಿದೆ. ಅವಳು ಬೋರ್ಡಿನ ಕಡೆ ತಿರುಗಿದಳು. ಅದುವರೆಗೂ ನಾನು ಅವಳ ಬೆನ್ನು ನೋಡಿರಲಿಲ್ಲ. ಫ್ಯಾಕ್ಟರಿಯಲ್ಲಿ ಮುಂದಿನ ಸಾಲಿನವರ ಬೆನ್ನು, ಜಡೆ, ಕುಪ್ಪಸದ ಬೆವರು ಎಲ್ಲ ಗೊತ್ತಿದ್ದವು, ಮುಖವೇ ಸರಿಯಾಗಿ ಗೊತ್ತಿರಲಿಲ್ಲ. ಇವಳ ಮುಖ ಅಷ್ಟು ಚೆನ್ನಾಗಿ ಗೊತ್ತಿತ್ತು, ಕುಳ್ಳಿ ಎಂಬುದೇ ಗೊತ್ತಿರಲಿಲ್ಲ. ಎಡಗಾಲನ್ನು ಒಂಚೂರು ಎಳೆದು ಹಾಕುತ್ತಾಳೆ ಎಂಬುದೂ. ಅವಳು ಯಾವತ್ತೂ ಹೇಳಿರಲಿಲ್ಲ, ನಾನು ಯಾವತ್ತೂ ಕೇಳಲಿಲ್ಲ. ಪರದೆಯಲ್ಲಿ ಯಾರೂ ನಡೆಯುವುದಿಲ್ಲವಲ್ಲ.

ಕೊನೆಯ ದಿನ ಎಲ್ಲರೂ ಸೇರಿದ್ದ ವಿಡಿಯೊ ಕರೆಯಲ್ಲಿ ನಮ್ಮ ಮೇಡಮ್ಮು ಮಾತಾಡಲು ಬಂದರು. ನಾವು ಅಷ್ಟು ಹೊತ್ತಿಗೆ ಬುದ್ಧಿ ಕಲಿತು ಕೂತೇ ನಮಸ್ಕಾರ ಮಾಡಿದೆವು. ಆ ಕಡೆ ಅವಳೊಬ್ಬಳು ಎದ್ದು ನಿಂತಳು. ಪರದೆಯಲ್ಲಿ ಅವಳ ಸ್ವೆಟರಿನ ಗುಂಡಿಗಳಷ್ಟೇ ಕಂಡವು. ಇಡೀ ಕೋಣೆಯಲ್ಲಿ ಅದು ಯಾರಿಗಾಗಿ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಈಗ ನಾನು ಚನ್ನರಾಯಪಟ್ಟಣದ ಕಡೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂಬ ಮಾತನ್ನು ಅಕ್ಷರಶಃ ಪಾಲಿಸುವ ಸ್ಟಾಫ್ ರೂಮು. ಕುರ್ಚಿ ಇದೆ, ಮೇಜು ಇಲ್ಲ. ನನ್ನ ಪಾಠ ಹೇಗಿದೆ ಎಂದು ಯಾರೂ ಕೇಳುವುದಿಲ್ಲ, ಅವರದು ಹೇಗಿದೆ ಎಂದು ನಾನೂ ಕೇಳುವಂತಿಲ್ಲ. ಅವರವರ ಬಂಡಲ್ ಅವರವರಿಗೆ.

ಅವಳ ಜೊತೆ ಜಗಳವೇನೂ ಆಗಲಿಲ್ಲ. ಮೊದಮೊದಲು ಯುಗಾದಿಗೆ ನಾನು, ಕ್ರಿಸ್‌ಮಸ್‌ಗೆ ಅವಳು ಸಂದೇಶ ಕಳಿಸುತ್ತಿದ್ದೆವು. ಅವಳಿಗೂ ಕೆಲಸ ಸಿಕ್ಕಿತು, ಬೇರೆ ಊರಿಗೆ ಹೋದಳು. ಕೊನೆಯ ಸಲ, ಹೇಗಿದ್ದೀಯ ಎಂದು ಕೇಳಿದೆ. ಚೆನ್ನಾಗಿದ್ದೇನೆ, ನೀನು ಎಂದಳು. ನಾನೂ ಚೆನ್ನಾಗಿದ್ದೇನೆ ಎಂದೆ. ಚೆನ್ನಾಗಿರುವವರ ನಡುವೆ ಇನ್ನೇನು ಮಾತಿರುತ್ತದೆ? ನಮ್ಮಿಬ್ಬರ ಮಾತೆಲ್ಲ ಇದ್ದದ್ದು ಆ ಹಾಳೆಯ ತಪ್ಪುಗಳಲ್ಲಿ.

ಹಾಳೆ ಇನ್ನೂ ಇದೆ, ತೆರೆದರೆ ತೆರೆಯುತ್ತದೆ. ಇಲ್ಲಿಯ ಮಕ್ಕಳಿಗೂ ನೆರಳಿನ ಪಾಠ ಮಾಡಿದೆ, ಅಳತೆಯನ್ನು ಅದರಲ್ಲೇ ಬರೆದಿಟ್ಟೆ. ಹಾಗೇ ಬರೆಯುತ್ತಿದ್ದವಳು ಮೇಲಕ್ಕೆ ಹೋಗಿ ಒಂದು ಕೆಲಸ ಮಾಡಿದೆ. ದಾರ, ಕಲ್ಲು, ಕೋಲು ನೆಟ್ಟಗಿರಬೇಕು ಎಂಬ ಆ ಸಾಲನ್ನು ಬೇಕೆಂದೇ ಅಳಿಸಿದೆ. ಎಲ್ಲ ಬಿಟ್ಟರೂ ಅವಳು ಅದನ್ನು ಬಿಡುವವಳಲ್ಲ. "ಕಲ್ಲೆಲ್ಲಿ?" ಎಂದು ಎಷ್ಟು ಸಲ ರೇಗಿಸಿದ್ದಳು. ಒಂದು ದಿನ ಹಾಳೆ ತೆರೆದು, ಇದೇನಿದು ಎಂದು ಹುಬ್ಬು ಗಂಟಿಕ್ಕಿ, ಆ ಸಾಲನ್ನು ವಾಪಸ್ಸು ಹಾಕುತ್ತಾಳೆ.

ಮಧ್ಯಾಹ್ನ ಮಕ್ಕಳಿಗೆ ಬಿಸಿಯೂಟ ಬಡಿಸಿಯಾದ ಮೇಲೆ ಡಬ್ಬಿ ಬಿಚ್ಚುವ ಮೊದಲು ಫೋನಿನಲ್ಲಿ ಹಾಳೆ ತೆರೆದು ನೋಡುತ್ತೇನೆ. ಇವತ್ತೂ ನೋಡಿದೆ. ಯಾರೂ ಕೈ ಹಾಕಿಲ್ಲ. ಕೋಲು ವಾಲಿಕೊಂಡೇ ಇದೆ.